ಇಂಟರ್ನೆಟ್ ಇಲ್ಲದೆಡೆಯೂ ತರಗತಿ ನಡೆಸುವ ಪೆಟ್ಟಿಗೆ: ಹೊತ್ತೊಯ್ಯಬಲ್ಲ ನೆಟ್‌ವರ್ಕ್ ಮತ್ತು ಸರ್ವರ್ ಕಟ್ಟುವ ಬಗೆ

ಒಂದೇ ಕೋಣೆಯಲ್ಲಿ ಕುಳಿತ 30 ಮಕ್ಕಳು ಒಂದೇ ಹೊತ್ತಿಗೆ ಒಂದೇ ತಂತ್ರಾಂಶವನ್ನು ಇಳಿಸಿಕೊಳ್ಳಲು ಹೊರಟರೆ ಸಾಧಾರಣ ಇಂಟರ್ನೆಟ್ ಸಂಪರ್ಕ ಅಲ್ಲಿಯೇ ಮಂಡಿಯೂರುತ್ತದೆ. ಸಂಪರ್ಕವೇ ಇಲ್ಲದ ಸಭಾಂಗಣ, ಗ್ರಂಥಾಲಯ, ಶಿಬಿರದ ಡೇರೆಗಳಲ್ಲಿ ಪಾಠ ಶುರುವಾಗುವುದೇ ಇಲ್ಲ. ಇದಕ್ಕೆ ಪರಿಹಾರ ಕೈಗೆಟುಕುವಂಥದ್ದೇ. ಒಂದು ಚಿಕ್ಕ ಸರ್ವರ್ (ಪುಟ, ಕಡತಗಳನ್ನು ಮಿಕ್ಕ ಸಾಧನಗಳಿಗೆ ಹಂಚುವ ಕಂಪ್ಯೂಟರ್), ಒಂದು ರೂಟರ್, ಒಂದು ಸ್ವಿಚ್ (ಹಲವು ಕೇಬಲ್‌ಗಳನ್ನು ಒಂದೇ ನೆಟ್‌ವರ್ಕ್‌ಗೆ ಜೋಡಿಸುವ ಸಾಧನ), ಒಂದು ಬ್ಯಾಟರಿ, ಇಷ್ಟನ್ನು ಗಟ್ಟಿಮುಟ್ಟಾದ ಪೆಟ್ಟಿಗೆಯೊಳಗೆ ಕೂರಿಸಿದರೆ ತರಗತಿಗೆ ಬೇಕಾದ ಪುಟ್ಟ ಅಂತರ್ಜಾಲವನ್ನೇ ಹೊತ್ತೊಯ್ಯಬಹುದು.

ಕಟ್ಟಲು ತೊಡಗುವ ಮುನ್ನ ಎರಡು ಷರತ್ತುಗಳನ್ನು ನಿಮಗೆ ನೀವೇ ಹಾಕಿಕೊಳ್ಳಿ. ತರಗತಿ ನಡೆಯುವಾಗ ಹೊರಗಿನ ಇಂಟರ್ನೆಟ್ ಒಂದು ಕ್ಷಣವೂ ಬೇಕಾಗಬಾರದು. ಕಟ್ಟಿದವರು ಊರಿನಲ್ಲಿ ಇಲ್ಲದ ದಿನವೂ ಬೇರೊಬ್ಬ ಶಿಕ್ಷಕರು ಪೆಟ್ಟಿಗೆ ತೆರೆದು ಹತ್ತು ನಿಮಿಷದೊಳಗೆ ಪಾಠ ಶುರು ಮಾಡಲು ಸಾಧ್ಯವಾಗಬೇಕು. ಮುಂದಿನ ಪ್ರತಿಯೊಂದು ಆಯ್ಕೆಯನ್ನೂ ನಾನು ಈ ಎರಡು ಷರತ್ತುಗಳಿಂದಲೇ ತೂಗಿದ್ದೇನೆ.

ಹಂತ 1: ಪಾಠವನ್ನು ಮೊದಲು ಬರೆಯಿರಿ

ಬಹಳಷ್ಟು ಮಂದಿ ಯಂತ್ರವನ್ನು ಕೊಂಡ ಮೇಲೆ ಅದರಲ್ಲಿ ಏನು ಮಾಡಬಹುದೆಂದು ಯೋಚಿಸುತ್ತಾರೆ. ಇದನ್ನು ತಿರುವುಮುರುವು ಮಾಡಿ. ಒಂದು ಹಾಳೆಯಲ್ಲಿ ಮಕ್ಕಳು ಗಂಟೆಗಂಟೆಗೆ ಏನು ಮಾಡುತ್ತಾರೆ, ಯಾವ ಕಡತ ತೆರೆಯುತ್ತಾರೆ, ಯಾವ ತಂತ್ರಾಂಶ ಹಾಕಿಕೊಳ್ಳುತ್ತಾರೆ, ತಮ್ಮ ಕೆಲಸವನ್ನು ಎಲ್ಲಿ ಉಳಿಸುತ್ತಾರೆ ಎಂಬುದನ್ನು ಬರೆಯಿರಿ. ಅವರು ಬಳಸುವುದು ಲ್ಯಾಪ್‌ಟಾಪ್ ಆಗಿದೆಯೇ, ಟ್ಯಾಬ್ಲೆಟ್ ಅಥವಾ ಮೊಬೈಲ್ ಆಗಿದೆಯೇ ಎಂಬುದನ್ನೂ ನಮೂದಿಸಿ.

ಆಮೇಲೆ ಲೆಕ್ಕ ಹಾಕಿ. 500 ಎಂಬಿ ಗಾತ್ರದ ಕಡತವನ್ನು 30 ಮಂದಿ ಇಳಿಸಿಕೊಂಡರೆ ಒಟ್ಟು 15 ಜಿಬಿ ಹರಿಯಬೇಕು. ಒಂದು ವೈಫೈ ಕೇಂದ್ರದಿಂದ ವಾಸ್ತವದಲ್ಲಿ ಸೆಕೆಂಡಿಗೆ 200 ಮೆಗಾಬಿಟ್ ದಕ್ಕಿದರೆ, ಅಂದರೆ ಸೆಕೆಂಡಿಗೆ 25 ಎಂಬಿ, ಎಲ್ಲರಿಗೂ ತಲುಪಲು ಹತ್ತು ನಿಮಿಷ ಹಿಡಿಯುತ್ತದೆ. ಸೆಕೆಂಡಿಗೆ 1000 ಮೆಗಾಬಿಟ್ ಸಾಗಿಸುವ ಗಿಗಾಬಿಟ್ ಕೇಬಲ್ ಮೂಲಕವಾದರೆ ಎರಡೂವರೆ ನಿಮಿಷದೊಳಗೆ ಮುಗಿಯುತ್ತದೆ. ಈ ಒಂದು ಲೆಕ್ಕ ನಿಮ್ಮ ಎಷ್ಟೋ ಗೊಂದಲಗಳನ್ನು ಬಗೆಹರಿಸುತ್ತದೆ: ದೊಡ್ಡ ಕಡತಗಳಿದ್ದರೆ ಸ್ವಿಚ್ ಮತ್ತು ಕೇಬಲ್‌ಗಳಿಗೆ ಹಣ ಹಾಕಿ, ಮಕ್ಕಳು ಬರೀ ಪುಟಗಳನ್ನು ನೋಡಿ ಪುಟ್ಟ ಪ್ರೋಗ್ರಾಂಗಳನ್ನು ಬರೆಯುವುದಾದರೆ ಒಳ್ಳೆಯ ವೈಫೈ ಒಂದೇ ಸಾಕು.

ಹಂತ 2: ಸರ್ವರ್ ಆಗುವ ಯಂತ್ರ

ಇಲ್ಲಿ ಎರಡು ದಾರಿಗಳಿವೆ. ಮೊದಲನೆಯದು ಒಂದೇ ಫಲಕದ ಮೇಲಿರುವ ಪುಟ್ಟ ಕಂಪ್ಯೂಟರ್ ರಾಸ್ಪ್‌ಬೆರಿ ಪೈ. ಚಿಕ್ಕದು, ಕಡಿಮೆ ವಿದ್ಯುತ್ ಸಾಕು, ಮಕ್ಕಳು ಕೈಯಲ್ಲಿ ಹಿಡಿದು ನೋಡಬಹುದು. 2019ರಲ್ಲಿ ಬಂದ ನಾಲ್ಕನೆಯ ಮಾದರಿಯಿಂದ ಪೂರ್ಣ ಗಿಗಾಬಿಟ್ ಈಥರ್ನೆಟ್, ಅಂದರೆ ಕೇಬಲ್ ಸಂಪರ್ಕ, ಸಿಗುತ್ತದೆ. 2023ರ ಐದನೆಯ ಮಾದರಿ ಇನ್ನೂ ಚುರುಕು. ಆದರೆ ಅದಕ್ಕೆ 5 ವೋಲ್ಟ್‌ನಲ್ಲಿ 5 ಆಂಪಿಯರ್ ಕೊಡುವ ಅಡಾಪ್ಟರ್ ಬೇಕು. ಕಡಿಮೆ ಸಾಮರ್ಥ್ಯದ ಅಡಾಪ್ಟರ್ ಹಾಕಿದರೆ ಯುಎಸ್‌ಬಿ ಕಿಂಡಿಗಳಿಗೆ ಹೋಗುವ ವಿದ್ಯುತ್ತನ್ನು ಅದು ಮೊಟಕುಗೊಳಿಸುತ್ತದೆ, ಆಗ ಹೊರಗಿನಿಂದ ಜೋಡಿಸಿದ ಡಿಸ್ಕ್ ಪಾಠದ ನಡುವೆ ಕೈಕೊಡಬಹುದು.

ಎರಡನೆಯ ದಾರಿ, ಕಚೇರಿಗಳು ಬಳಸಿ ಬಿಟ್ಟ ಮಿನಿ ಪಿಸಿ. ದಪ್ಪ ಪುಸ್ತಕದಷ್ಟೇ ಗಾತ್ರದ ಈ ಯಂತ್ರಗಳು ಲೆನೊವೊ, ಡೆಲ್, ಎಚ್‌ಪಿ ಮೊದಲಾದ ಕಂಪನಿಗಳ ಹೆಸರಿನಲ್ಲಿ ಬಳಸಿದ ಯಂತ್ರಗಳ ಮಾರುಕಟ್ಟೆಯಲ್ಲಿ ಸಿಗುತ್ತವೆ. ಮೆಮೊರಿ ಹೆಚ್ಚಿಸಬಹುದು, ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ದತ್ತಾಂಶ ಉಳಿಸುವ ಡಿಸ್ಕ್) ಬದಲಿಸಬಹುದು, ಕೆಟ್ಟರೆ ಅಂಥದೇ ಇನ್ನೊಂದು ದೊರೆಯುತ್ತದೆ. ನನ್ನನ್ನು ಕೇಳಿದರೆ, ಹತ್ತಕ್ಕಿಂತ ಹೆಚ್ಚು ಮಕ್ಕಳಿರುವ ತರಗತಿಗೆ ಮಿನಿ ಪಿಸಿಯನ್ನೇ ಸರ್ವರ್ ಮಾಡಿ, ರಾಸ್ಪ್‌ಬೆರಿ ಪೈಯನ್ನು ಮಕ್ಕಳ ಪ್ರಯೋಗಕ್ಕೆ ಬಿಡಿ.

ಮೆಮೊರಿ ಎಷ್ಟಿರಬೇಕೆಂಬುದು ಪಾಠದ ಹಾಳೆಯಿಂದಲೇ ತಿಳಿಯುತ್ತದೆ. ಪುಟಗಳನ್ನು, ಕಡತಗಳನ್ನು ಹಂಚುವ ಕೆಲಸಕ್ಕೆ 8 ಜಿಬಿ ಧಾರಾಳವಾಯಿತು. ಮಕ್ಕಳೆಲ್ಲರೂ ಸರ್ವರ್ ಮೇಲೆಯೇ ಪೈಥಾನ್ ಭಾಷೆಯ ಪ್ರೋಗ್ರಾಂಗಳನ್ನು ಓಡಿಸುವುದಾದರೆ ತಲೆಗೆ ಅರ್ಧ ಜಿಬಿ ಎಂದು ಹಿಡಿಯಿರಿ. 30 ಮಂದಿಗೆ 15 ಜಿಬಿ ಆಯಿತು, ಅದರ ಮೇಲೆ ಯಂತ್ರದ ಸ್ವಂತ ಖರ್ಚು. ಆದ್ದರಿಂದ 32 ಜಿಬಿ ಇದ್ದರೆ ನೆಮ್ಮದಿ.

ಡಿಸ್ಕ್ ವಿಷಯದಲ್ಲಿ ಜಿಪುಣತನ ಬೇಡ. ಎಸ್‌ಡಿ ಕಾರ್ಡ್‌ನಿಂದ ಸರ್ವರ್ ನಡೆಸಬೇಡಿ. ಸತತ ಬರವಣಿಗೆಯಿಂದಲೂ ಹಠಾತ್ತನೆ ವಿದ್ಯುತ್ ಹೋಗುವುದರಿಂದಲೂ ಅವು ಬೇಗ ಹಾಳಾಗುತ್ತವೆ. ಪೈ ಬಳಸಲೇಬೇಕಾದರೆ ಎಸ್‌ಎಸ್‌ಡಿಯಿಂದ ಆರಂಭವಾಗುವಂತೆ ಮಾಡಿ, ಇಲ್ಲವೇ ಅದರ ಸಂರಚನೆಯಲ್ಲಿರುವ ಓವರ್‌ಲೇ ಆಯ್ಕೆಯಿಂದ ಕಾರ್ಡನ್ನು ಓದಲು ಮಾತ್ರ ಇರುವಂತೆ ಇಡಿ.

ಹಂತ 3: ನೆಟ್‌ವರ್ಕ್

ಸರ್ವರ್ ಒಳಗಿನ ವೈಫೈಯನ್ನೇ ತರಗತಿಗೆ ಹಂಚುವ ಆಸೆ ಹುಟ್ಟುವುದು ಸಹಜ. ಆದರೆ ಅದರ ಚಿಪ್‌ಗಳು ಕೆಲವೇ ಸಾಧನಗಳನ್ನು ನಿಭಾಯಿಸಬಲ್ಲವು. ವೈಫೈಗೆ ಪ್ರತ್ಯೇಕ ರೂಟರ್ ಅಥವಾ ಆಕ್ಸೆಸ್ ಪಾಯಿಂಟ್ (ವೈಫೈ ಬೀರುವ ಸಾಧನ) ಇರಲಿ, ಅದು ವೈಫೈ 6 ಆಗಿದ್ದರೆ ಒಳ್ಳೆಯದು, ಏಕೆಂದರೆ ಅನೇಕ ಸಾಧನಗಳು ಒಟ್ಟಿಗೆ ಮಾತಾಡುವ ಸಂದರ್ಭವನ್ನು ಗಮನದಲ್ಲಿಟ್ಟುಕೊಂಡೇ ಅದನ್ನು ರೂಪಿಸಲಾಗಿದೆ.

ರೂಟರ್ ಕೊಳ್ಳುವಾಗ ಅದು, ಕಾರ್ಖಾನೆಯ ತಂತ್ರಾಂಶದ ಬದಲಿಗೆ ಹಾಕಬಹುದಾದ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶಕ್ಕೆ ಹೊಂದುತ್ತದೆಯೇ ಎಂದು ಮೊದಲೇ ನೋಡಿ. ಈ ತಂತ್ರಾಂಶದ ಕಥೆಯನ್ನು ಮಕ್ಕಳಿಗೂ ಹೇಳಬೇಕು. ಲಿಂಕ್‌ಸಿಸ್ ಕಂಪನಿಯ ಒಂದು ರೂಟರ್‌ನಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಇರುವುದು ಬೆಳಕಿಗೆ ಬಂದು, ಪರವಾನಗಿಯ ನಿಯಮದಂತೆ 2003ರಲ್ಲಿ ಅದರ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಬಿಡುಗಡೆ ಮಾಡಬೇಕಾಯಿತು. ಅದನ್ನೇ ನೆಲೆಯಾಗಿಸಿಕೊಂಡು 2004ರಲ್ಲಿ ಓಪನ್‌ಡಬ್ಲ್ಯುಆರ್‌ಟಿ ಹುಟ್ಟಿತು. ಸಾಧಾರಣ ರೂಟರ್ ಮುಚ್ಚಿಡುವ ಎಷ್ಟೋ ಸಂಗತಿಗಳನ್ನು ಇದು ತೆರೆದು ತೋರಿಸುತ್ತದೆ. ಕಲಿಸುವ ಪೆಟ್ಟಿಗೆಗೆ ಈ ಗುಣವೇ ಮುಖ್ಯ.

ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನವನ್ನೂ ಗುರುತಿಸುವ ಅಂಕಿಗಳ ವಿಳಾಸದ ವಿಷಯಕ್ಕೆ ಬರೋಣ. ಖಾಸಗಿ ನೆಟ್‌ವರ್ಕ್‌ಗಳಿಗೆಂದೇ ಮೂರು ವಿಳಾಸ ಶ್ರೇಣಿಗಳನ್ನು ಮೀಸಲಿಟ್ಟಿದ್ದಾರೆ: 10ರಿಂದ ಶುರುವಾಗುವವು, 172.16ರಿಂದ 172.31ರವರೆಗಿನವು, 192.168ರವು. ಬಹುತೇಕ ರೂಟರ್‌ಗಳು 192.168.0 ಅಥವಾ 192.168.1 ಶ್ರೇಣಿಯಲ್ಲಿ ಬರುತ್ತವೆ. ನಿಮ್ಮ ಪೆಟ್ಟಿಗೆಯೂ ಅದನ್ನೇ ಇಟ್ಟುಕೊಂಡರೆ, ಯಾವುದೋ ಕಟ್ಟಡದ ಇಂಟರ್ನೆಟ್‌ಗೆ ಜೋಡಿಸಿದ ದಿನ ಎರಡೂ ಕಡೆ ಒಂದೇ ವಿಳಾಸಗಳಾಗಿ ಏನೂ ನಡೆಯದು. 10.42.7 ರೀತಿಯ ಅಪರೂಪದ ಶ್ರೇಣಿಯನ್ನು ಆರಿಸಿಕೊಳ್ಳಿ. ಸರ್ವರ್‌ಗೆ ಬದಲಾಗದ ವಿಳಾಸ ಕೊಡಿ, ಉದಾಹರಣೆಗೆ 10.42.7.10. ಮಕ್ಕಳ ಸಾಧನಗಳಿಗೆ 100ರಿಂದ 250ರವರೆಗೆ ತಾನಾಗಿ ಹಂಚಿಕೆಯಾಗಲಿ. ದಿನಕ್ಕೆ ಹಲವು ತಂಡಗಳು ಬರುವುದಾದರೆ ಹಂಚಿದ ವಿಳಾಸದ ಅವಧಿಯನ್ನು ಎರಡು ಗಂಟೆಗೆ ಇಳಿಸಿ. ಇಲ್ಲದಿದ್ದರೆ ಬೆಳಗಿನ ತಂಡ ಹೊರಟು ಹೋದರೂ ಅವರ ವಿಳಾಸಗಳು ಸಂಜೆಯವರೆಗೆ ಖಾಲಿಯಾಗುವುದಿಲ್ಲ.

ಹೆಸರಿಲ್ಲದ ಸರ್ವರ್ ಮಕ್ಕಳ ಪಾಲಿಗೆ ಬರೀ ಅಂಕಿಗಳ ಸಾಲು. ರೂಟರ್‌ನಲ್ಲಿರುವ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ ವಿಳಾಸ ಹಂಚುವ ಕೆಲಸವನ್ನೂ ಹೆಸರು ತಿಳಿಸುವ ಕೆಲಸವನ್ನೂ ಒಟ್ಟಿಗೆ ಮಾಡುತ್ತದೆ. ಅಲ್ಲಿ 'ಶಾಲೆ', 'ಕೋಡ್', 'ಗ್ರಂಥ' ಎಂಬಂಥ ಚಿಕ್ಕ ಹೆಸರುಗಳನ್ನು ಲಿಪ್ಯಂತರಿಸಿ ಕೊಡಿ. ಹೆಸರಿನ ಕೊನೆಗೆ 'ಡಾಟ್ ಲೋಕಲ್' ಬೇಡ. ಅದು ಬೇರೊಂದು ವ್ಯವಸ್ಥೆಗೆ ಮೀಸಲಾಗಿರುವುದರಿಂದ ಕೆಲವು ಸಾಧನಗಳಲ್ಲಿ ತೆರೆದುಕೊಳ್ಳುತ್ತದೆ, ಕೆಲವದರಲ್ಲಿ ಇಲ್ಲ. ಖಾಸಗಿ ಬಳಕೆಗೆಂದು 2024ರಲ್ಲಿ, ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕಾನ್ ಸಂಸ್ಥೆ ಮೀಸಲಿಟ್ಟ 'ಡಾಟ್ ಇಂಟರ್ನಲ್' ಬಳಸಿ. ಬ್ರೌಸರ್ ಈ ಹೆಸರನ್ನು ಹುಡುಕಾಟದ ಪದವೆಂದು ತಪ್ಪು ತಿಳಿಯಬಹುದು. ಹೆಸರಿನ ಕೊನೆಗೊಂದು ಓರೆಗೆರೆ ಹಾಕಿದರೆ ಸರಿಹೋಗುತ್ತದೆ. ವೈಫೈಗೆ ಒಂದು, ಮುಖಪುಟಕ್ಕೆ ಒಂದು ಕ್ಯೂಆರ್ ಕೋಡ್ ಮುದ್ರಿಸಿ ಗೋಡೆಗೆ ಅಂಟಿಸಿಬಿಟ್ಟರೆ ಬೆರಳಚ್ಚಿನ ತೊಂದರೆಯೇ ಇರುವುದಿಲ್ಲ.

ವೈಫೈ ಚಾನೆಲ್‌ಗಳನ್ನು ಕೈಯಾರೆ ಆರಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಹಳೆಯ ಸಾಧನಗಳಿಗೆ ಮತ್ತು ಚಿಕ್ಕ ಬೋರ್ಡ್‌ಗಳಿಗೆ ಅದನ್ನು ಬಿಡಿ. ಲ್ಯಾಪ್‌ಟಾಪ್‌ಗಳನ್ನು 5 ಗಿಗಾಹರ್ಟ್ಸ್‌ಗೆ ಕಳುಹಿಸಿ. ಅಲ್ಲಿ 36ರಿಂದ 48ರವರೆಗಿನ ಚಾನೆಲ್‌ಗಳು ಪೆಟ್ಟಿಗೆಗೆ ಹೆಚ್ಚು ಅನುಕೂಲ. ರೇಡಾರ್ ಬಳಸುವ ಚಾನೆಲ್‌ಗಳನ್ನು ಆರಿಸಿದರೆ ರೂಟರ್ ಕನಿಷ್ಠ ಒಂದು ನಿಮಿಷ ಸುಮ್ಮನೆ ಆಲಿಸಿದ ಬಳಿಕವೇ ಪ್ರಸಾರ ಶುರು ಮಾಡುತ್ತದೆ, ಆ ಒಂದು ನಿಮಿಷದಲ್ಲಿ ಎಲ್ಲರೂ 'ವೈಫೈ ಕಾಣುತ್ತಿಲ್ಲ' ಎಂದು ಗಾಬರಿಯಾಗುತ್ತಾರೆ. ಚಾನೆಲ್ ಅಗಲವನ್ನು 40 ಮೆಗಾಹರ್ಟ್ಸ್‌ಗೆ ಮಿತಗೊಳಿಸಿ.

ಎಂಟು ಅಥವಾ ಹದಿನಾರು ಕಿಂಡಿಗಳ ಗಿಗಾಬಿಟ್ ಸ್ವಿಚ್ ಒಂದಿರಲಿ. ಕೇಬಲ್ ಮೂಲಕವೇ ವಿದ್ಯುತ್ ಕೊಡುವ ಪಿಒಇ ಸ್ವಿಚ್ ಆದರೆ ಆಕ್ಸೆಸ್ ಪಾಯಿಂಟನ್ನು ಕೋಣೆಯ ನಡುವೆ ಎತ್ತರದಲ್ಲಿ ತೂಗುಹಾಕಲು ಒಂದೇ ತಂತಿ ಸಾಕು. ಕೇಬಲ್ 100 ಮೀಟರ್ ದಾಟಬಾರದು ಎಂಬುದಷ್ಟೇ ನೆನಪಿರಲಿ.

ಹಂತ 4: ವಿದ್ಯುತ್

ಪೆಟ್ಟಿಗೆ ಸೋಲುವುದು ಹೆಚ್ಚಾಗಿ ಇಲ್ಲಿಯೇ. ಎಲ್ಲ ಲೆಕ್ಕವನ್ನೂ ವ್ಯಾಟ್-ಅವರ್‌ನಲ್ಲಿ ಮಾಡಿ. ಮಿನಿ ಪಿಸಿ ಸರಾಸರಿ 20 ವ್ಯಾಟ್, ರೂಟರ್ 10, ಸ್ವಿಚ್ 5 ಎಂದುಕೊಂಡರೆ ಒಟ್ಟು 35 ವ್ಯಾಟ್. ನಾಲ್ಕು ಗಂಟೆಯ ಶಿಬಿರಕ್ಕೆ 140 ವ್ಯಾಟ್-ಅವರ್ ಬೇಕು. ಪರಿವರ್ತನೆಯಲ್ಲಿ ಸೋರುವುದನ್ನೂ ಸ್ವಲ್ಪ ಮೀಸಲನ್ನೂ ಸೇರಿಸಿದರೆ 200. ಅಂದಾಜಿನ ಮೇಲೆ ನಿಲ್ಲದೆ, ಪ್ಲಗ್‌ಗೆ ಹಾಕುವ ಚಿಕ್ಕ ವ್ಯಾಟ್ ಮೀಟರ್ ತಂದು ನಿಮ್ಮದೇ ಯಂತ್ರಗಳನ್ನು ಅಳೆಯಿರಿ.

ಪವರ್ ಬ್ಯಾಂಕ್ ಮೇಲೆ ಬರೆದಿರುವ ಅಂಕಿಯನ್ನು ಹಾಗೆಯೇ ನಂಬಬೇಡಿ. 20,000 ಮಿಲಿಆಂಪಿಯರ್-ಅವರ್ ಎಂಬುದು ಒಳಗಿನ ಕೋಶದ 3.7 ವೋಲ್ಟ್‌ನ ಲೆಕ್ಕ. ಗುಣಿಸಿ ನೋಡಿದರೆ ಸಿಗುವುದು 74 ವ್ಯಾಟ್-ಅವರ್. ಪರಿವರ್ತನೆಯಲ್ಲಿ ಸೋರುವುದನ್ನು ಕಳೆದರೆ ಮೇಲಿನ ಪೆಟ್ಟಿಗೆ ಇದರಲ್ಲಿ ಎರಡು ಗಂಟೆಯೂ ನಡೆಯುವುದಿಲ್ಲ. 12.8 ವೋಲ್ಟ್, 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಾದರೆ 256 ವ್ಯಾಟ್-ಅವರ್ ಇರುತ್ತದೆ. ಈ ಬಗೆಯ ಬ್ಯಾಟರಿ ಇತರ ಲಿಥಿಯಂ ಬ್ಯಾಟರಿಗಳಿಗಿಂತ ಶಾಖವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ, ಹೆಚ್ಚು ವರ್ಷ ಬಾಳುತ್ತದೆ. ಮಕ್ಕಳ ನಡುವೆ ಇಡುವ ಪೆಟ್ಟಿಗೆಗೆ ನನ್ನ ಆಯ್ಕೆ ಇದೇ.

ಆದರೆ ಬ್ಯಾಟರಿಯನ್ನು ಚಾರ್ಜ್ ಮಾಡಿ ತುಂಬಿಸುವಾಗ ಅದರ ವೋಲ್ಟೇಜ್ 14.4ರ ಆಸುಪಾಸಿಗೆ ಏರುತ್ತದೆ. 12 ವೋಲ್ಟ್‌ನ ರೂಟರನ್ನು ಅದಕ್ಕೆ ನೇರವಾಗಿ ಜೋಡಿಸದೆ ನಡುವೆ ವೋಲ್ಟೇಜ್ ನಿಯಂತ್ರಕ ಹಾಕಿ. ಮಿನಿ ಪಿಸಿಗಳು 19 ಅಥವಾ 20 ವೋಲ್ಟ್ ಕೇಳುತ್ತವೆ. ಅವಕ್ಕೆ ವೋಲ್ಟೇಜ್ ಏರಿಸುವ ಪರಿವರ್ತಕ ಬೇಕು. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಫ್ಯೂಸ್ ಇರಲಿ. ಈ ಮಾತುಗಳು ಹೊಸತೆನಿಸಿದರೆ ತಂತಿ ಜೋಡಿಸುವ ಸಾಹಸ ಬೇಡ, ಎಲ್ಲವನ್ನೂ ಒಳಗೊಂಡ ಸಿದ್ಧ ಪವರ್ ಸ್ಟೇಷನ್ ಕೊಳ್ಳಿ. ತೂಕ ಹೆಚ್ಚಾದರೂ ಸುರಕ್ಷಿತ. ಯಾವುದನ್ನು ಕೊಂಡರೂ ಒಂದು ಪರೀಕ್ಷೆ ಕಡ್ಡಾಯ: ಎಲ್ಲವೂ ಓಡುತ್ತಿರುವಾಗ ಗೋಡೆಯ ಪ್ಲಗ್ ಕೀಳಿ. ಕೆಲವು ಪವರ್ ಬ್ಯಾಂಕ್‌ಗಳು ಆ ಕ್ಷಣ ಕಣ್ಣು ಮಿಟುಕಿಸುವಷ್ಟು ಹೊತ್ತು ವಿದ್ಯುತ್ ನಿಲ್ಲಿಸುತ್ತವೆ, ಸರ್ವರ್ ಮರುಪ್ರಾರಂಭವಾಗುತ್ತದೆ.

ವಿಮಾನದಲ್ಲಿ ಒಯ್ಯುವುದಿದ್ದರೆ ಲಿಥಿಯಂ ಬ್ಯಾಟರಿಗೆ ಸಾಮಾನ್ಯ ಮಿತಿ 100 ವ್ಯಾಟ್-ಅವರ್. ಅದೂ ಕೈಚೀಲದಲ್ಲಿ ಮಾತ್ರ. 160ರವರೆಗೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಹಾಗಾಗಿ ಬ್ಯಾಟರಿಯನ್ನು ಪೆಟ್ಟಿಗೆಯಿಂದ ಸುಲಭವಾಗಿ ಬಿಚ್ಚಿ ತೆಗೆಯುವಂತೆ ಕಟ್ಟಿ.

ಹಂತ 5: ಪೆಟ್ಟಿಗೆ

ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯೊಳಗೆ ಫೋಮ್ ಕತ್ತರಿಸಿ ಕೂರಿಸುವುದು ಸುಲಭದ ದಾರಿ. ಹತ್ತು ಇಂಚು ಅಗಲದ ಪುಟ್ಟ ರ‍್ಯಾಕ್ ಇನ್ನೂ ಚೆನ್ನ, ಏಕೆಂದರೆ ಪ್ರತಿ ಸಾಧನವೂ ಕಣ್ಣಿಗೆ ಕಾಣುತ್ತದೆ. ಫೋಮ್ ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಆದ್ದರಿಂದ ಗಾಳಿಯ ದಾರಿಗಳನ್ನು ಬಿಟ್ಟು ಕತ್ತರಿಸಿ, ಓಡುತ್ತಿರುವಾಗ ಮುಚ್ಚಳ ಹಾಕಬೇಡಿ. ಕೇಬಲ್‌ಗಳನ್ನು ಬಿಚ್ಚಿ ಕಟ್ಟಬಹುದಾದ ವೆಲ್ಕ್ರೊ ಪಟ್ಟಿಗಳಿಂದ ಬಿಗಿಯಿರಿ. ಬಣ್ಣಕ್ಕೊಂದು ಅರ್ಥ ಕೊಡಿ: ಕೆಂಪು ಹೊರಗಿನ ಇಂಟರ್ನೆಟ್‌ಗೆ, ನೀಲಿ ಸರ್ವರ್‌ಗೆ, ಹಳದಿ ಮಕ್ಕಳಿಗೆ. ಎರಡೂ ತುದಿಗಳಿಗೆ ಚೀಟಿ ಅಂಟಿಸಿ. ಒಂದೇ ರೀತಿ ಕಾಣುವ ಅಡಾಪ್ಟರ್‌ಗಳ ಮೇಲೆ ವೋಲ್ಟೇಜನ್ನೂ ಯಾವ ಯಂತ್ರದ್ದೆಂಬುದನ್ನೂ ದಪ್ಪಕ್ಷರದಲ್ಲಿ ಬರೆಯಿರಿ. ತಪ್ಪು ಅಡಾಪ್ಟರ್ ಚುಚ್ಚಿದರೆ ರೂಟರ್ ಸುಟ್ಟುಹೋಗಬಹುದು.

ಹಂತ 6: ತಂತ್ರಾಂಶ

ಮೊದಲು ಲಿನಕ್ಸ್‌ನ ಆವೃತ್ತಿಗಳಾದ ಡೆಬಿಯನ್ ಅಥವಾ ಉಬುಂಟು ಸರ್ವರ್ ಸ್ಥಾಪಿಸಿ. ಅದರ ಮೇಲೆ ಒಂದೊಂದು ಸೇವೆಯನ್ನೂ ಡಾಕರ್ ಕಂಟೈನರ್‌ನಲ್ಲಿ, ಅಂದರೆ ಮಿಕ್ಕವುಗಳಿಂದ ಬೇರ್ಪಟ್ಟ ತನ್ನದೇ ಆವರಣದಲ್ಲಿ, ಇಟ್ಟರೆ ಒಂದು ಕೆಟ್ಟರೂ ಮಿಕ್ಕವು ನಡೆಯುತ್ತಿರುತ್ತವೆ. ಯಂತ್ರದ ಬಯೋಸ್‌ನಲ್ಲಿ (ಆರಂಭದ ಹೊತ್ತಿನ ಮೂಲ ಸಂರಚನೆ) 'ವಿದ್ಯುತ್ ಬಂದೊಡನೆ ಆರಂಭವಾಗು' ಎಂಬ ಆಯ್ಕೆಯನ್ನು ಆನ್ ಮಾಡಿ. ಪವರ್ ಗುಂಡಿಯನ್ನು ಒಮ್ಮೆ ಒತ್ತಿದರೆ ಸರ್ವರ್ ಕ್ರಮವಾಗಿ ಮುಚ್ಚಿಕೊಳ್ಳುವಂತಿರಲಿ. ಆಗ ಶಿಕ್ಷಕರು ಒಂದೇ ಒಂದು ಆದೇಶವನ್ನೂ ಬರೆಯದೆ ತೆರೆಯಬಹುದು, ಮುಚ್ಚಬಹುದು.

ಓದುವ ಸಾಮಗ್ರಿಗೆ ಕಿವಿಕ್ಸ್ ಇದೆ. ಇಡೀ ವಿಕಿಪೀಡಿಯವನ್ನು ಒಂದೇ ಕಡತದಲ್ಲಿ ಅಡಕಗೊಳಿಸಿ ಇಂಟರ್ನೆಟ್ ಇಲ್ಲದೆ ತೋರಿಸುವ ತಂತ್ರಾಂಶ ಇದು. ಚಿತ್ರಸಹಿತ ಇಂಗ್ಲಿಷ್ ವಿಕಿಪೀಡಿಯ ಸುಮಾರು 100 ಜಿಬಿ ಆಗುತ್ತದೆ. ಚಿತ್ರಗಳಿಲ್ಲದ ಆವೃತ್ತಿ ಸರಿಸುಮಾರು ಅದರ ಅರ್ಧ. ಕನ್ನಡ ವಿಕಿಪೀಡಿಯ ಇದಕ್ಕೆ ಹೋಲಿಸಿದರೆ ಬಹಳ ಚಿಕ್ಕದು, ಅದನ್ನು ಖಂಡಿತ ಹಾಕಿ. ಪಾಠಗಳಿಗೆ ಕೊಲಿಬ್ರಿ: ವಿಡಿಯೊ, ಅಭ್ಯಾಸ, ಯಾರು ಎಲ್ಲಿಯವರೆಗೆ ಬಂದಿದ್ದಾರೆಂಬ ವಿವರ ಎಲ್ಲವೂ ಒಂದೇ ಕಡೆ ಇರುತ್ತದೆ. ಕಿರಿಯರಿಗೆ, ತುಣುಕುಗಳನ್ನು ಜೋಡಿಸಿ ಪ್ರೋಗ್ರಾಂ ಕಟ್ಟುವ ಸ್ಕ್ರ್ಯಾಚ್; ಅದರ ಸಂಪಾದಕದ ಮೂಲ ಸಂಕೇತ ಮುಕ್ತವಾಗಿರುವುದರಿಂದ ಸರ್ವರ್‌ನಲ್ಲೇ ಇಟ್ಟು ಬ್ರೌಸರ್‌ನಲ್ಲಿ ತೆರೆಯಬಹುದು.

ಹಿರಿಯ ಮಕ್ಕಳಿಗೆ ಎರಡು ಸೇವೆಗಳು ತರಗತಿಯ ಮಟ್ಟವನ್ನೇ ಬದಲಿಸುತ್ತವೆ. ಒಂದು ಜ್ಯೂಪಿಟರ್‌ಹಬ್, ಅಂದರೆ ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಸೇವೆ. ಅದರ 'ಲಿಟಲೆಸ್ಟ್' ಆವೃತ್ತಿಯನ್ನು ಒಂದೇ ಯಂತ್ರದಲ್ಲಿ ಸುಮಾರು ನೂರು ಮಂದಿಯವರೆಗಿನ ಬಳಕೆಗೆ ರೂಪಿಸಿದ್ದಾರೆ. ಇದನ್ನು ಕಂಟೈನರ್‌ನಲ್ಲಿ ಇಡದೆ ಉಬುಂಟು ಮೇಲೆ ನೇರವಾಗಿ ಸ್ಥಾಪಿಸಿ. ಮಗುವಿನ ಕೈಯಲ್ಲಿ ಹಳೆಯ ಟ್ಯಾಬ್ಲೆಟ್ ಇದ್ದರೂ ಪೈಥಾನ್ ಓಡುವುದು ಸರ್ವರ್‌ನಲ್ಲಿ. ಇನ್ನೊಂದು ಫೋರ್ಜೆಯೊ ಅಥವಾ ಗಿಟೀ, ಅಂದರೆ ನಿಮ್ಮದೇ ಪುಟ್ಟ ಕೋಡ್ ಭಂಡಾರ. ಒಬ್ಬಳು ಬರೆದದ್ದನ್ನು ಇನ್ನೊಬ್ಬ ತೆಗೆದುಕೊಂಡು ತಿದ್ದಿ ಮರಳಿ ಕೊಡುವ ಅಭ್ಯಾಸ ಇಲ್ಲಿ ಶುರುವಾಗುತ್ತದೆ. ಮೆಮೊರಿಯೂ ಅದಕ್ಕೆ ಬಹಳ ಕಡಿಮೆ ಸಾಕು.

ಇನ್ನು, ಹೆಚ್ಚಿನ ಪೆಟ್ಟಿಗೆಗಳು ಎಡವುವ ಕಲ್ಲು: ಪ್ಯಾಕೇಜ್‌ಗಳು, ಅಂದರೆ ಬೇಕಾದಾಗ ಇಳಿಸಿ ಹಾಕಿಕೊಳ್ಳುವ ತಂತ್ರಾಂಶದ ಕಂತೆಗಳು. ಪಾಠದ ನಾಲ್ಕನೆಯ ಸಾಲಿನಲ್ಲಿ 'ಈ ಲೈಬ್ರರಿಯನ್ನು ಸ್ಥಾಪಿಸಿ' ಎಂದಿರುತ್ತದೆ, ಅದು ಇಂಟರ್ನೆಟ್ ಕೇಳುತ್ತದೆ, ತರಗತಿ ನಿಂತುಹೋಗುತ್ತದೆ. ಡೆಬಿಯನ್ ಪ್ಯಾಕೇಜ್‌ಗಳಿಗೆ ಆ್ಯಪ್ಟ್-ಕ್ಯಾಷರ್-ಎನ್‌ಜಿ, ಪೈಥಾನ್‌ಗೆ ಡೆವ್‌ಪೈ, ಜಾವಾಸ್ಕ್ರಿಪ್ಟ್‌ಗೆ ವರ್ಡಾಚಿಯೊ ಎಂಬ ಸ್ಥಳೀಯ ದಾಸ್ತಾನುಗಳಿವೆ. ಸಾಮಾನ್ಯವಾಗಿ ಇವುಗಳಲ್ಲಿ ಉಳಿದಿರುವುದು ಹಿಂದೊಮ್ಮೆ ಇಳಿಸಿಕೊಂಡದ್ದು ಮಾತ್ರ. ಆದ್ದರಿಂದ ಇಂಟರ್ನೆಟ್ ಇರುವಾಗ, ಏನನ್ನೂ ಹಾಕಿರದ ಹೊಸ ಯಂತ್ರದಲ್ಲಿ ಪಾಠವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ದಾಸ್ತಾನು ತುಂಬಿಸಿ. ಮಕ್ಕಳ ಸಾಧನಗಳ ಪ್ರೊಸೆಸರ್ ಬೇರೆಬೇರೆಯಾಗಿದ್ದರೆ, ಪೈಥಾನ್ ಆವೃತ್ತಿ ಬೇರೆಯಾಗಿದ್ದರೆ, ಪ್ರತಿಯೊಂದು ಬಗೆಗೂ ಇದನ್ನು ಮಾಡಬೇಕು. ಬೇಸರದ ಕೆಲಸ ನಿಜ, ಆದರೆ ಇದಕ್ಕೆ ಅಡ್ಡದಾರಿ ಇಲ್ಲ. ಆರ್ಡುಯಿನೊ ರೀತಿಯ, ಪ್ರೋಗ್ರಾಂ ತುಂಬಿಸಿ ನಡೆಸುವ ಎಲೆಕ್ಟ್ರಾನಿಕ್ ಬೋರ್ಡ್ ಬಳಸುವುದಾದರೆ ಅದರ ಸಂಪಾದಕ, ಬೋರ್ಡ್ ಕಡತಗಳು, ಅಗ್ಗದ ಪ್ರತಿರೂಪಗಳಲ್ಲಿ ಇರುವ ಸಿಎಚ್340 ಚಿಪ್‌ನ ಡ್ರೈವರ್ ಇವೆಲ್ಲವನ್ನೂ ಸರ್ವರ್‌ನ ಒಂದು ಫೋಲ್ಡರ್‌ನಲ್ಲಿ ಇಟ್ಟಿರಿ.

ಗಡಿಯಾರದ ವಿಷಯವನ್ನು ಯಾರೂ ನೆನೆಸಿಕೊಳ್ಳುವುದಿಲ್ಲ. ರಾಸ್ಪ್‌ಬೆರಿ ಪೈ 4ರಲ್ಲಿ ಬ್ಯಾಟರಿಯಿಂದ ನಡೆಯುವ ಗಡಿಯಾರ ಇಲ್ಲ. ಐದನೆಯ ಮಾದರಿಯಲ್ಲಿ ಇದ್ದರೂ ಬ್ಯಾಟರಿಯನ್ನು ನಾವೇ ಕೂರಿಸಬೇಕು. ಇಂಟರ್ನೆಟ್ ಸಿಗದಿದ್ದರೆ ಅದು ಹಳೆಯ ದಿನಾಂಕದಲ್ಲೇ ಉಳಿಯುತ್ತದೆ, ಭದ್ರತಾ ಪ್ರಮಾಣಪತ್ರಗಳು ಅಮಾನ್ಯವಾಗುತ್ತವೆ, ಕೋಡ್ ಭಂಡಾರದ ಇತಿಹಾಸ ಅಡಿಮೇಲಾಗುತ್ತದೆ. ಡಿಎಸ್3231 ಎಂಬ ಚಿಕ್ಕ ಗಡಿಯಾರ ಘಟಕ ಜೋಡಿಸಿ. ಮಿನಿ ಪಿಸಿಯಾದರೆ ಅದರ ನಾಣ್ಯದಾಕಾರದ ಬ್ಯಾಟರಿ ಜೀವಂತವಾಗಿದೆಯೇ ನೋಡಿ. ಆಮೇಲೆ ಸಮಯ ಹೊಂದಿಸುವ ಕ್ರೋನಿ ತಂತ್ರಾಂಶದ ಮೂಲಕ ಸರ್ವರ್ ತನ್ನ ಸಮಯವನ್ನು ಮಿಕ್ಕೆಲ್ಲ ಸಾಧನಗಳಿಗೂ ಹಂಚಲಿ.

ಹಂತ 7: ಮೊಬೈಲ್‌ಗಳ ಹಟ

ಇಂಟರ್ನೆಟ್ ಇಲ್ಲದ ವೈಫೈಯನ್ನು ಮೊಬೈಲ್‌ಗಳು ನಂಬುವುದಿಲ್ಲ. ಜೋಡಣೆಯಾದೊಡನೆ ಹೊರಗಿನ ಒಂದು ವಿಳಾಸವನ್ನು ಮುಟ್ಟಿ ನೋಡುತ್ತವೆ, ಉತ್ತರ ಬಾರದಿದ್ದರೆ ಸದ್ದಿಲ್ಲದೆ ಮೊಬೈಲ್ ಡೇಟಾಕ್ಕೆ ಹೊರಳುತ್ತವೆ. ಆಗ ನಿಮ್ಮ ಸರ್ವರ್ ಅವಕ್ಕೆ ಕಾಣುವುದೇ ಇಲ್ಲ. 'ಇಂಟರ್ನೆಟ್ ಇಲ್ಲ, ಆದರೂ ಉಳಿಯಬೇಕೇ' ಎಂದು ಕೇಳಿದಾಗ ಹೌದು ಎನ್ನಲು ಹೇಳಿ, ಅಗತ್ಯವಿದ್ದರೆ ಮೊಬೈಲ್ ಡೇಟಾ ಆಫ್ ಮಾಡಿಸಿ. ಡಿಎನ್‌ಎಸ್ ಎಂದರೆ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ. ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್‌ನಲ್ಲಿ ಯಾವುದಾದರೂ ಸೇವೆಯ ಹೆಸರನ್ನು ಖಚಿತವಾಗಿ ನಮೂದಿಸಿದ್ದರೆ ಸ್ಥಳೀಯ ಹೆಸರುಗಳು ತೆರೆಯುವುದಿಲ್ಲ; ಅದನ್ನು ಸ್ವಯಂಚಾಲಿತ ಆಯ್ಕೆಗೆ ಮರಳಿಸಿ.

ಪಾಠದಲ್ಲಿ ಬ್ರೌಸರ್ ಮೂಲಕ ಕ್ಯಾಮೆರಾ ಅಥವಾ ಮೈಕ್ ಬಳಸುವುದಿದ್ದರೆ ಎಚ್‌ಟಿಟಿಪಿಎಸ್ (ಗೂಢಲಿಪೀಕರಿಸಿದ ವೆಬ್ ಸಂಪರ್ಕ) ಇಲ್ಲದೆ ಆಗದು. ಅದಕ್ಕೆ ನಿಮ್ಮದೇ ನಿಜವಾದ ಡೊಮೈನ್ ಹೆಸರು ಕೊಂಡು, ಭದ್ರತಾ ಪ್ರಮಾಣಪತ್ರಗಳನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಡಿಎನ್‌ಎಸ್ ವಿಧಾನದಲ್ಲಿ ಪ್ರಮಾಣಪತ್ರ ಪಡೆದು, ಒಳಗಿನ ನೆಟ್‌ವರ್ಕ್‌ನಲ್ಲಿ ಆ ಹೆಸರು ನಿಮ್ಮ ಸರ್ವರ್‌ನತ್ತ ತೋರುವಂತೆ ಮಾಡಿ. ಅದರ ಅವಧಿ ಚಿಕ್ಕದು, ಪ್ರತಿ ಶಿಬಿರದ ಮುನ್ನ ನವೀಕರಿಸಿ.

ಹಂತ 8: ಮಕ್ಕಳ ಸುರಕ್ಷತೆ

ಮಗುವಿನ ಪೂರ್ಣ ಹೆಸರು, ಹುಟ್ಟಿದ ದಿನ, ಫೋಟೊ ಯಾವುದೂ ಸರ್ವರ್‌ಗೆ ಬೇಕಾಗಿಲ್ಲ. ಖಾತೆಗಳಿಗೆ ಹಕ್ಕಿ, ಮರ, ನದಿಗಳ ಹೆಸರಿಡಿ, ಯಾರು ಯಾವ ಹಕ್ಕಿ ಎಂಬುದು ಶಿಕ್ಷಕರ ಕಾಗದದಲ್ಲಿ ಇರಲಿ. ಪೆಟ್ಟಿಗೆ ಕಳೆದುಹೋದರೂ ಮಕ್ಕಳ ಗುರುತು ಹೋಗುವುದಿಲ್ಲ. ಯಾರು ಯಾವ ಪುಟ ನೋಡಿದರೆಂಬ ದಾಖಲೆಯನ್ನು ಶಿಬಿರ ಮುಗಿದ ದಿನವೇ ಅಳಿಸಿ.

ರೂಟರ್, ಸ್ವಿಚ್, ಸರ್ವರ್‌ಗಳ ಆಡಳಿತ ಪುಟಗಳು ಶಿಕ್ಷಕರ ನೆಟ್‌ವರ್ಕ್‌ನಿಂದ ಮಾತ್ರ ತೆರೆಯಲಿ. ಇದಕ್ಕೆ, ಒಂದೇ ಸ್ವಿಚ್‌ನಲ್ಲಿ ಪ್ರತ್ಯೇಕ ನೆಟ್‌ವರ್ಕ್‌ಗಳನ್ನು ಮಾಡುವ ವಿಲ್ಯಾನ್ ವಿಂಗಡಣೆ ಇದೆ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್‌ಗಳನ್ನು ಮೊದಲ ದಿನವೇ ಬದಲಿಸಿ. ಒಮ್ಮೊಮ್ಮೆ ಮೊಬೈಲ್ ಮೂಲಕ ಹೊರಗಿನ ಇಂಟರ್ನೆಟ್ ಕೊಡಬೇಕಾಗುತ್ತದೆ. ಆಗ ಪೈ-ಹೋಲ್ ಅಥವಾ ಆ್ಯಡ್‌ಗಾರ್ಡ್ ಹೋಮ್‌ನಂಥ, ತಾಣಗಳ ಹೆಸರನ್ನು ಸೋಸುವ ತಂತ್ರಾಂಶ ಹಾಕಿ. ಅದು ಜಾಹೀರಾತುಗಳನ್ನೂ ಕೆಟ್ಟ ತಾಣಗಳನ್ನೂ ಬಹಳ ಮಟ್ಟಿಗೆ ತಡೆಯುತ್ತದೆ. ಆದರೂ ಕೋಣೆಯಲ್ಲಿ ಓಡಾಡುವ ಶಿಕ್ಷಕರ ಕಣ್ಣಿಗೆ ಅದು ಬದಲಿಯಾಗದು.

ಹಂತ 9: ತಂತಿ ಕಿತ್ತು ನೋಡಿ

ಹೊರಡುವ ಮುನ್ನ ಇಂಟರ್ನೆಟ್ ತಂತಿಯನ್ನು ಕಿತ್ತು, ಬ್ಯಾಟರಿಯ ಮೇಲೆ, ಇಡೀ ಪಾಠವನ್ನು ಒಮ್ಮೆ ನಡೆಸಿ. ಸಾಧ್ಯವಾದಷ್ಟು ಸಾಧನಗಳನ್ನು ಒಟ್ಟಿಗೆ ಜೋಡಿಸಿ ಎಲ್ಲದರಲ್ಲೂ ಒಂದೇ ವಿಡಿಯೊ ಹಾಕಿ. ಪುಟಗಳು ತೆರೆದರೂ ಅಕ್ಷರಶೈಲಿ ಅಥವಾ ಚಿತ್ರ ಕಾಣದಿದ್ದರೆ, ಆ ಪುಟ ಹೊರಗಿನ ತಾಣದಿಂದ ಏನನ್ನೋ ಎಳೆಯುತ್ತಿದೆ ಎಂದರ್ಥ. ಅದನ್ನೂ ಸರ್ವರ್‌ಗೆ ತಂದಿಡಿ.

ಎಲ್ಲವೂ ಸರಿಯಿದ್ದಾಗ ಕ್ಲೋನ್‌ಜಿಲ್ಲಾ ಎಂಬ ತಂತ್ರಾಂಶದಿಂದ ಡಿಸ್ಕ್‌ನ ಪೂರ್ಣ ಪ್ರತಿಯನ್ನು ಅಷ್ಟೇ ಗಾತ್ರದ ಎರಡನೆಯ ಎಸ್‌ಎಸ್‌ಡಿಗೆ ತೆಗೆಯಿರಿ. ಆ ಎಸ್‌ಎಸ್‌ಡಿ ಪೆಟ್ಟಿಗೆಯಲ್ಲೇ ಇರಲಿ, ಜೊತೆಗೊಂದು ಸ್ಕ್ರೂಡ್ರೈವರ್. ರೂಟರ್‌ನ ಸಂರಚನಾ ಕಡತವನ್ನೂ ಅದರಲ್ಲೇ ಉಳಿಸಿ. ಮೂರನೆಯ ಪ್ರತಿ ಪೆಟ್ಟಿಗೆಯ ಹೊರಗೆ, ಬೇರೆ ಕಟ್ಟಡದಲ್ಲಿ ಇರಬೇಕು.

ಬಳಿಕ ಒಂದು ಹಾಳೆಯ ಕೈಪಿಡಿ ಬರೆಯಿರಿ. ಯಾವ ತಂತಿ ಎಲ್ಲಿಗೆ, ಯಾವ ಗುಂಡಿ ಮೊದಲು, ಯಾವ ದೀಪ ಹಸಿರಾಗಬೇಕು, ವಿಳಾಸಗಳ ಪಟ್ಟಿ, ಕೆಲಸ ಮಾಡದಿದ್ದರೆ ನೋಡಬೇಕಾದ ಮೂರು ಸಂಗತಿಗಳು. ಮುದ್ರಿಸಿ, ಲ್ಯಾಮಿನೇಟ್ ಮಾಡಿಸಿ ಮುಚ್ಚಳದ ಒಳಗೆ ಅಂಟಿಸಿ. ಪಾಸ್‌ವರ್ಡ್‌ಗಳು ಮಾತ್ರ ಅಲ್ಲಿರಬಾರದು. ಕಂಪ್ಯೂಟರ್ ಕಂಡರೆ ಹಿಂಜರಿಯುವ ಶಿಕ್ಷಕರೊಬ್ಬರಿಗೆ ಈ ಹಾಳೆ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ನಿಲ್ಲಿ. ಅವರು ತಡವರಿಸಿದ ಪ್ರತಿ ಸಾಲನ್ನೂ ಮತ್ತೆ ಬರೆಯಿರಿ.

ಬಳಕೆಯಿಲ್ಲದ ದಿನಗಳಲ್ಲಿ ಬ್ಯಾಟರಿಯನ್ನು ಅರ್ಧದಷ್ಟು ತುಂಬಿಸಿ ತಂಪಾದ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಪೆಟ್ಟಿಗೆ ತೆರೆದು, ಇಂಟರ್ನೆಟ್ ಕೊಟ್ಟು, ಭದ್ರತಾ ಪರಿಷ್ಕರಣೆಗಳನ್ನು ಹಾಕಿ. ಶಿಬಿರದ ಹಿಂದಿನ ದಿನ ಪರಿಷ್ಕರಣೆಯ ತಂಟೆಗೆ ಹೋಗಬೇಡಿ.

ಹಂತ 10: ಮಕ್ಕಳ ಕೈಗೆ ಕೊಡಿ

ಪೆಟ್ಟಿಗೆಯನ್ನು ಮುಟ್ಟಬೇಡಿ ಎಂದು ಗದರಿಸುವುದಾದರೆ ಇಷ್ಟೆಲ್ಲ ಶ್ರಮ ಅರ್ಧ ವ್ಯರ್ಥ. ಅದರೊಳಗಿನ ಒಂದೊಂದು ತಂತಿಯೂ ಪಾಠವೇ. ಸ್ವಿಚ್‌ನಿಂದ ಒಂದು ಕೇಬಲ್ ಕೀಳಲು ಹೇಳಿ, ಯಾರ ಪುಟ ನಿಂತಿತೆಂದು ಕೇಳಿ, ಏಕೆಂದು ಅವರೇ ಹುಡುಕಲಿ. ಪಿಂಗ್ (ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ನೋಡುವ ಪುಟ್ಟ ಸಂದೇಶ) ಕಳುಹಿಸಿ ಉತ್ತರ ಮರಳಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಅಳೆಯಲಿ. ಕೇಬಲ್‌ನಲ್ಲಿ ಎಷ್ಟು, ವೈಫೈನಲ್ಲಿ ಎಷ್ಟು, ಕೋಣೆಯ ಬಾಗಿಲು ಮುಚ್ಚಿದರೆ ಎಷ್ಟು ಎಂದು ಪಟ್ಟಿ ಮಾಡಲಿ. ನೆಟ್‌ವರ್ಕ್‌ನಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ಗೂಢಲಿಪೀಕರಣವಿಲ್ಲದ ಎಚ್‌ಟಿಟಿಪಿ ಮೂಲಕ ಕಳುಹಿಸಿದ ಹುಸಿ ಪಾಸ್‌ವರ್ಡ್ ಅಕ್ಷರ ಅಕ್ಷರವಾಗಿ ಕಾಣುವುದನ್ನು ತೋರಿಸಿ, ಅದನ್ನೇ ಎಚ್‌ಟಿಟಿಪಿಎಸ್‌ನಲ್ಲಿ ಕಳುಹಿಸಿ ಏನೂ ಅರ್ಥವಾಗದಂತಾಗುವುದನ್ನು ತೋರಿಸಿ. ಗೂಢಲಿಪೀಕರಣದ ಬಗ್ಗೆ ಒಂದು ಗಂಟೆಯ ಭಾಷಣ ಮಾಡಲಾರದ್ದನ್ನು ಈ ಐದು ನಿಮಿಷ ಮಾಡುತ್ತದೆ. ಈ ಪ್ರಯೋಗ ನಮ್ಮ ಪೆಟ್ಟಿಗೆಯ ನೆಟ್‌ವರ್ಕ್‌ನಲ್ಲಿ ಮಾತ್ರ, ಬೇರೆಯವರ ನೆಟ್‌ವರ್ಕ್‌ನಲ್ಲಿ ಅನುಮತಿಯಿಲ್ಲದೆ ಇಣುಕುವುದು ತಪ್ಪು ಮತ್ತು ಹಲವೆಡೆ ಅಪರಾಧ ಎಂಬುದನ್ನು ಮೊದಲೇ ಸ್ಪಷ್ಟಪಡಿಸಿ.

ಪ್ರತಿ ಮಗುವೂ ಒಂದು ಕೇಬಲ್ ತಯಾರಿಸಲಿ. ಟಿ568ಬಿ ಎಂಬ ತಂತಿ ಬಣ್ಣಗಳ ಕ್ರಮದಲ್ಲಿ ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಪ್ಲಗ್‌ನ ಕೊಕ್ಕೆ ಕೆಳಮುಖವಾಗಿರಬೇಕು. ಹಲವರದು ಮೊದಲ ಸಲ ಪರೀಕ್ಷಕದಲ್ಲಿ ಸೋಲುತ್ತದೆ. ಕತ್ತರಿಸಿ ಮತ್ತೆ ಮಾಡಲು ಹೆಚ್ಚುವರಿ ಪ್ಲಗ್‌ಗಳನ್ನು ಕೈತುಂಬ ಇಟ್ಟುಕೊಂಡಿರಿ. ಗೆದ್ದ ಕೇಬಲ್‌ಗೆ ಅವರದೇ ಹಕ್ಕಿಯ ಹೆಸರಿನ ಚೀಟಿ ಅಂಟಿಸಿ ಅದೇ ಪೆಟ್ಟಿಗೆಯಲ್ಲಿ ಬಳಸಿ.

ಇವಿಷ್ಟು ಮುಗಿಸಿದ ತಂಡಕ್ಕೆ ಖಾಲಿ ಎಸ್‌ಎಸ್‌ಡಿ, ಕಾರ್ಖಾನೆ ಸ್ಥಿತಿಗೆ ಮರಳಿಸಿದ ಒಂದು ಹಳೆಯ ರೂಟರ್ ಮತ್ತು ನಿಮ್ಮ ಒಂದು ಹಾಳೆಯ ಕೈಪಿಡಿ ಕೊಟ್ಟು ಎರಡನೆಯ ಪೆಟ್ಟಿಗೆ ಕಟ್ಟಲು ಹೇಳಿ. ವಿಳಾಸ ಶ್ರೇಣಿಯನ್ನು ಅವರೇ ಆರಿಸಲಿ, ಸರ್ವರ್‌ಗೆ ಹೆಸರನ್ನೂ ಅವರೇ ಇಡಲಿ.